ಉಪ್ಪಿನ ಜಾಗ

ನಮ್ಮ ಅತ್ತೆ ದೆಹಲಿಗೆ ಬಂದದ್ದು ಕಣ್ಣಿನ ಚಿಕಿತ್ಸೆಗೆ. ಆರು ತಿಂಗಳಿಗೆಂದು ಬಂದವರು ಇಲ್ಲೇ ಉಳಿದರು. ಆಗ ನಾವು ಜನಕಪುರಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ, ನನ್ನ ಗಂಡ ಖಾಸಗಿ ಕಂಪನಿಯೊಂದರಲ್ಲಿ. ಮಗಳು ಏಳನೇ ಕ್ಲಾಸು. ಅತ್ತೆಗೆ ಗ್ಲಾಕೋಮಾ. ಕೊಳವೆಯೊಳಗಿಂದ ನೋಡಿದ ಹಾಗೆ ನೇರ ಎದುರಿನದಷ್ಟೇ ಕಾಣುತ್ತಿತ್ತು, ಅದೂ ಮಸುಕಾಗಿ. ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಬಂದ ವಾರದೊಳಗೆ ಬೆಳಗಿನ ಅಡುಗೆಯನ್ನು ಅವರು ತಮ್ಮ ಕೈಗೆ ತೆಗೆದುಕೊಂಡರು. ನಾನು ಬೇಡವೆಂದೆ, ಆದರೆ ಹೆಚ್ಚು ಒತ್ತಾಯಿಸಲಿಲ್ಲ. ಎಂಟು ಗಂಟೆಗೆ ಮನೆ ಬಿಟ್ಟರೆ ಮಾತ್ರ ಮೆಟ್ರೋದಲ್ಲಿ ಸರಿಯಾಗಿ ನಿಲ್ಲಲು ಜಾಗ ಸಿಗುತ್ತಿತ್ತು. ಅವರು ಅಡುಗೆಗೆ ನಿಂತ ಮೇಲೆ ನಾನು ಡಬ್ಬಿಗೆ ಅನ್ನ, ಪಲ್ಯ ತುಂಬಿಕೊಂಡು ನಿರಾಳವಾಗಿ ಹೊರಡುತ್ತಿದ್ದೆ.

ನನ್ನ ಅಡುಗೆಮನೆ ಅಚ್ಚುಕಟ್ಟಾಗಿರಲಿಲ್ಲ. ಯಾವ ಡಬ್ಬಿ ಖಾಲಿಯಾಗಿದೆಯೋ ಅದಕ್ಕೆ ಬೇಳೆ ಸುರಿಯುತ್ತಿದ್ದೆ. ಉಳಿದ ಪೊಟ್ಟಣಗಳ ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಎಲ್ಲೆಂದರಲ್ಲಿ ತುರುಕುತ್ತಿದ್ದೆ. ಅಡುಗೆಯಲ್ಲಿ ಅರ್ಧ ಹೊತ್ತು ಹುಡುಕುವುದಕ್ಕೇ ಹೋಗುತ್ತಿತ್ತು. ಅತ್ತೆ ಆ ಗೊಂದಲವನ್ನೇ ಇದ್ದ ಹಾಗೆಯೇ ಬಾಯಿಪಾಠ ಮಾಡಿಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ನನ್ನ ಗಂಡನ ಆಫೀಸಿನ ಇಬ್ಬರು ಊಟಕ್ಕೆ ಬಂದಿದ್ದರು. ಇಬ್ಬರೂ ಮೈಸೂರು ಕಡೆಯವರು, ತಿಂಗಳುಗಟ್ಟಲೆ ಮೆಸ್ಸಿನ ರಾಜ್ಮಾ ತಿಂದು ಬೇಸತ್ತವರು. ಅತ್ತೆ ಹುರುಳಿಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ ಮಾಡಿ ಮುಗಿಸಿ ಸಾರು ಕುದಿಸುತ್ತಿದ್ದರು. ನಾನು ಹೊರಗೆ ತಟ್ಟೆ ಹಾಕುತ್ತಿದ್ದೆ. ಒಳಗಿಂದ ಬುಸ್ಸೆಂದು ಸದ್ದು ಬಂತು. ಹೋಗಿ ನೋಡಿದರೆ ಸಾರು ನೊರೆನೊರೆಯಾಗಿ ಉಕ್ಕಿ ಒಲೆ ನಂದಿಹೋಗಿತ್ತು. ಅತ್ತೆ ಚಮಚ ಹಿಡಿದುಕೊಂಡು ನಿಂತಿದ್ದರು. ಉಪ್ಪಿನ ಬದಲು ಅಡುಗೆ ಸೋಡಾ ಬಿದ್ದಿತ್ತು.

ನನ್ನ ಹಿಂದೆಯೇ ಬಂದು ಗ್ಯಾಸ್ ಆರಿಸಿದ ನನ್ನ ಗಂಡ ಗಾಬರಿಯಲ್ಲಿ, "ಅಮ್ಮ, ಇನ್ಮೇಲೆ ನೀನು ಒಲೆ ಹತ್ತಿರ ಹೋಗ್ಬೇಡ. ಇವತ್ತು ಸಾರು ಹೋಯ್ತು, ನಾಳೆ ಸೆರಗಿಗೆ ಬೆಂಕಿ ಹತ್ಕೊಂಡ್ರೆ?" ಎಂದರು.

"ನಂಗೆ ಬಿಳೀದೆಲ್ಲ ಒಂದೇ ಥರ ಕಾಣ್ಸುತ್ತಪ್ಪ" ಎಂದು ಅತ್ತೆ ಚಮಚವನ್ನು ಸಿಂಕಿನಲ್ಲಿಟ್ಟು ಹೊರಗೆ ಹೋದರು.

ಹಿಂದಿನ ದಿನ ಒಲೆಯ ಪಕ್ಕದ ಕಪಾಟನ್ನು ಒರೆಸಿದವಳು ನಾನು. ಉಪ್ಪಿನದೂ ಸೋಡಾದೂ ಒಂದೇ ಸೆಟ್ಟಿನ ಸ್ಟೀಲ್ ಡಬ್ಬಿಗಳು. ಒರೆಸಿ ಮರಳಿ ಇಡುವಾಗ ಅದಲುಬದಲಾಗಿತ್ತು. ಕಪಾಟು ನೋಡಿದ ಕೂಡಲೇ ನನಗೆ ತಿಳಿಯಿತು. ಬಂದವರ ಮುಂದೆ ಹೇಳಲಿಲ್ಲ. ಅವರು ಹೋದ ಮೇಲೂ ಹೇಳಲಿಲ್ಲ. ಮರುದಿನದ ಹೊತ್ತಿಗೆ ಅತ್ತೆ ಅಡುಗೆ ಮಾಡುವುದಿಲ್ಲ ಎನ್ನುವುದು ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು. ತೀರ್ಮಾನವಾದದ್ದನ್ನು ಕೆದಕುವುದು ಕಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಡಬ್ಬಿಗಳನ್ನು ಮಾತ್ರ ಯಾರಿಗೂ ಕಾಣದ ಹಾಗೆ ಮೊದಲಿನಂತೆ ಇಟ್ಟೆ.

ಮೂರು ವಾರ ಹಾಗೇ ಕಳೆಯಿತು. ಅತ್ತೆ ಬಾಲ್ಕನಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು, ಕೆಳಗೆ ತರಕಾರಿ ಗಾಡಿಯವನ ಕೂಗು ಕೇಳಿಸಿದರೆ ತಲೆಯೆತ್ತುತ್ತಿದ್ದರು. ನಾನು ಐದಕ್ಕೆ ಎದ್ದರೂ ಅಡುಗೆ ಮುಗಿಯುತ್ತಿರಲಿಲ್ಲ. ವಾರದಲ್ಲಿ ಮೂರು ದಿನ ಬ್ರೆಡ್ಡು. ಮಗಳು ಡಬ್ಬಿ ತೆರೆದು ನೋಡಿ, "ಅಜ್ಜಿ ಖಾನಾ ಕ್ಯೂಂ ನಹೀಂ ಬನಾತೀ? ಬ್ರೆಡ್ ಬೇಡ ನಂಗೆ" ಎಂದಳು. ಅಜ್ಜಿ ಯಾಕೆ ಅಡುಗೆ ಮಾಡುವುದಿಲ್ಲವೆಂಬ ಆ ಪ್ರಶ್ನೆ ಅತ್ತೆಗೂ ಕೇಳಿಸಿತು.

ಆಮೇಲೆ ಕಣ್ಣಿನ ಪರೀಕ್ಷೆಯ ದಿನ ಬಂತು. ನಾನೇ ರಜೆ ಹಾಕಿ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಹಳೆಯ ರಿಪೋರ್ಟನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿ, ದೃಷ್ಟಿ ಹೋದ ಸಲ ಎಷ್ಟಿತ್ತೋ ಅಷ್ಟೇ ಇದೆ ಎಂದರು. ಅತ್ತೆ ತಮಗೆ ಬರುವ ಹಿಂದಿಯಲ್ಲಿ, "ಕಮ್ ನಹೀಂ ಹುವಾ?" ಎಂದು, ಕಡಿಮೆಯಾಗಿಲ್ಲವೇ ಎಂದು, ಎರಡು ಸಲ ಕೇಳಿದರು. "ನಹೀಂ ಮಾತಾಜೀ, ವೈಸಾ ಹೀ ಹೈ."

ಇದು ಒಳ್ಳೆಯ ಸುದ್ದಿ. ಆದರೆ ಆಟೋದಲ್ಲಿ ಕೂತ ಮೇಲೆ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ.

"ಕಣ್ಣು ಹಾಗೇ ಇದೆ ಅಂದ್ರೆ ಅವತ್ತು ಯಾಕೆ ಹಾಗಾಯ್ತು?" ಎಂದರು. "ತಲೇನೇ ಕೆಡ್ತಿದೆಯೇನೋ ನಂದು. ನಮ್ಮಮ್ಮನಿಗೂ ಕೊನೇಲಿ ಮರೆವು ಬಂದಿತ್ತು."

ಕಣ್ಣಿನ ತಪ್ಪೆಂದು ಅವರು ನಂಬಿದ್ದಾಗ ನಾನು ಸುಮ್ಮನಿರಬಲ್ಲವಳಾಗಿದ್ದೆ. ಇದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ.

"ಅತ್ತೆ, ಆ ಡಬ್ಬಿ ಬದಲಾಯಿಸಿದ್ದು ನಾನು. ಹಿಂದಿನ ದಿನ ಕಪಾಟು ಒರೆಸಿದ್ದೆ."

"ಉಪ್ಪಿನ ಜಾಗದಲ್ಲಿ ಸೋಡಾ ಇಟ್ಟಿದ್ದೆಯಾ?"

"ಹೌದು."

ಆಟೋ ಸಿಗ್ನಲ್ಲಿನಲ್ಲಿ ನಿಂತಿತು. ನಾನು ರಸ್ತೆ ನೋಡುತ್ತ ಕೂತೆ.

"ಹಾಗಾದ್ರೆ ನನ್ನ ಕೈ ಸರಿಯಾದ ಜಾಗಕ್ಕೇ ಹೋಗಿತ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮೂರು ವಾರ ಸುಮ್ನಿದ್ದೆಯಲ್ಲಮ್ಮ" ಎಂದರು. ಮನೆಯ ಗಲ್ಲಿಗೆ ತಿರುಗುವಾಗ, "ನಿನ್ನ ಗಂಡನಿಗೆ ನೀನೇ ಹೇಳು. ನಾನು ಹೇಳಲ್ಲ" ಎಂದರು.

ಅಂದೇ ಸಂಜೆ ಕಾಫಿ ಕುಡಿಯುವಾಗ ಹೇಳಿದೆ. ನನ್ನ ಗಂಡ ಲೋಟ ಕೆಳಗಿಟ್ಟರು. "ಅಮ್ಮನಿಗೆ ನಾನೂ ಬಂದವರ ಮುಂದೆ ಹಾಗೆ ಹೇಳ್ಬಾರದಿತ್ತು" ಎಂದು ಎದ್ದು ಅತ್ತೆಯ ಕೋಣೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಆ ಶನಿವಾರ ಅತ್ತೆ ಅಡುಗೆಮನೆಯ ಡಬ್ಬಿ, ಪೊಟ್ಟಣಗಳನ್ನೆಲ್ಲ ಹೊರಗೆ ತೆಗೆಸಿ ನಡುಮನೆಯಲ್ಲಿ ಚಾಪೆ ಹಾಸಿ ಅದರ ಮೇಲೆ ಹರಡಿಸಿದರು. ಒಂದೊಂದನ್ನೂ ಮುಟ್ಟಿ, ಮೂಸಿ, ಇದು ಇಲ್ಲಿ, ಅದು ಅಲ್ಲಿ ಎಂದರು. ದಿನಾ ಬೇಕಾಗುವುದು ಒಲೆಯ ಬಲಕ್ಕೆ ಕೈಗೆಟುಕುವ ಹಾಗೆ, ವಾರಕ್ಕೊಮ್ಮೆ ಬೇಕಾಗುವುದು ಕೆಳಗೆ, ಹಬ್ಬಕ್ಕೆ ಬೇಕಾಗುವುದು ಅಟ್ಟದ ಮೇಲೆ. ತೊಗರಿಬೇಳೆಯ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡು, ಹೆಸರುಬೇಳೆಗೆ ಎರಡು, ಉದ್ದಿಗೆ ಮೂರು. ಸೋಡಾವನ್ನು ಗಾಜಿನ ಸಣ್ಣ ಬಾಟಲಿಗೆ ತುಂಬಿಸಿದರು. ಪ್ರತಿ ಡಬ್ಬಿಗೂ ಅದರದೇ ಚಮಚ ಒಳಗೇ ಇರಬೇಕು. ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸನ್ನೂ ಕರೆದು, "ದೀದಿ, ಜೋ ಜಹಾಂ ಹೈ, ವಹೀಂ" ಎಂದು, ತೆಗೆದದ್ದನ್ನು ಅಲ್ಲೇ ಮರಳಿ ಇಡಬೇಕಾದ ಜಾಗಗಳನ್ನು ಮುಟ್ಟಿ ತೋರಿಸಿದರು. ಅವಳು ನಮಗಿಂತ ಬೇಗ ಕಲಿತಳು.

ಸೋಮವಾರದಿಂದ ಅತ್ತೆ ಮತ್ತೆ ಒಲೆಯ ಮುಂದೆ ನಿಂತರು. ಮಿಕ್ಕ ಅಭ್ಯಾಸಗಳು ನಿಧಾನಕ್ಕೆ ಬಂದವು. ಒಲೆ ಹಚ್ಚುವ ಮೊದಲು ಬೇಕಾದದ್ದನ್ನೆಲ್ಲ ಒಂದು ಅಗಲ ತಟ್ಟೆಯಲ್ಲಿ ಹಾಕುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುವುದು ಅವರ ಪದ್ಧತಿ. ಎಣ್ಣೆ ಕಾದ ಮೇಲೆ ಸಾಸಿವೆಗಾಗಿ ಅವರು ತಡಕಾಡುವಂತಿರಲಿಲ್ಲ. ನಾನೂ ಹಾಗೇ ಮಾಡತೊಡಗಿದೆ, ನನ್ನ ಒಗ್ಗರಣೆ ಸೀಯುವುದು ನಿಂತಿತು. ಹುಣಸೆಹಣ್ಣನ್ನು ಭಾನುವಾರವೇ ಬೇಯಿಸಿ ಹಿಂಡಿ ಗಟ್ಟಿ ರಸ ಫ್ರಿಜ್ಜಿನಲ್ಲಿಟ್ಟರೆ ವಾರಕ್ಕೆ ಸಾಕಾಗುತ್ತಿತ್ತು. ತೆಂಗಿನಕಾಯಿ ತುರಿದು ದಿನಕ್ಕೆ ಬೇಕಾದಷ್ಟನ್ನು ಬೇರೆ ಬೇರೆಯಾಗಿ ಫ್ರೀಜರಿಗೆ ಹಾಕುತ್ತಿದ್ದೆ. ಕುಕ್ಕರ್ ಕೂಗುವಷ್ಟರಲ್ಲಿ ಸಿಂಕು ಖಾಲಿಯಾಗಬೇಕು ಎನ್ನುವುದು ಅವರ ಇನ್ನೊಂದು ನಿಯಮ. ಕಾಣದವರಿಗೆ ಸಿಂಕಿನಲ್ಲಿ ಬಿದ್ದ ಚಾಕು ಅಪಾಯ. ಕಾಣುವವರಿಗೂ ಅದು ಒಳ್ಳೆಯದೇನಲ್ಲ.

ಇವೆಲ್ಲ ಅವರಿಗಾಗಿ ಎಂದು ಮೊದಲು ಅಂದುಕೊಂಡಿದ್ದೆ. ಎರಡು ತಿಂಗಳಾಗುವಷ್ಟರಲ್ಲಿ ನಾನು ಮುಕ್ಕಾಲು ಗಂಟೆ ತಡವಾಗಿ ಏಳುತ್ತಿದ್ದೆ. ನನ್ನ ಗಂಡ ಯಾರನ್ನೂ ಕೇಳದೆ ಕಾಫಿ ಮಾಡಿಕೊಳ್ಳುತ್ತಿದ್ದರು. ಮೊದಲು ಸಕ್ಕರೆ ಎಲ್ಲಿದೆ ಎಂದು ಕೇಳುವುದೇ ಅವರ ಕೆಲಸವಾಗಿತ್ತು.

ಅತ್ತೆ ನನ್ನನ್ನು ಕ್ಷಮಿಸಿದರೋ ಇಲ್ಲವೋ ಹೇಳಲಾರೆ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆದರೆ ಅದಾದ ಮೇಲೆ ಬಹಳ ದಿನ ಉಪ್ಪು ಹಾಕುವ ಮುಂಚೆ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ನಾನು ಪಕ್ಕದಲ್ಲಿದ್ದರೂ ಹಚ್ಚಿ ನೋಡುತ್ತಿದ್ದರು.

ಮರುವರ್ಷ ಗ್ರೇಟರ್ ನೋಯ್ಡಾದಲ್ಲಿ ಕೊಂಡಿದ್ದ ಫ್ಲ್ಯಾಟು ಸಿದ್ಧವಾಯಿತು. ಆ ಹೊತ್ತಿಗೆ ಅತ್ತೆಯ ಎಡಗಣ್ಣಿನಲ್ಲಿ ಬೆಳಕು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಹೊಸ ಅಡುಗೆಮನೆಯಲ್ಲಿ ಅವರು ಮೊದಲಿಂದ ಕಲಿಯುವುದು ಆಗದ ಮಾತು ಎಂದು ನಾವಿಬ್ಬರೂ ಒಳಗೊಳಗೇ ಅಂದುಕೊಂಡಿದ್ದೆವು. ಮರಗೆಲಸ ನಡೆಯುವಾಗ ತಮ್ಮನ್ನೂ ಕರೆದುಕೊಂಡು ಹೋಗಬೇಕೆಂದು ಅವರು ಹಟ ಹಿಡಿದರು. ಅಲ್ಲಿ ಗೋಡೆಗೆ ಕೈಯಿಟ್ಟು ಬಾಗಿಲಿನಿಂದ ಒಲೆಯವರೆಗೆ, ಒಲೆಯಿಂದ ಸಿಂಕಿನವರೆಗೆ ನಾಲ್ಕೈದು ಸಲ ನಡೆದರು. ಮಿಸ್ತ್ರಿ ಶೆಲ್ಫನ್ನು ತಲೆಯ ಮಟ್ಟಕ್ಕೆ ಹೊಡೆಯುವುದರಲ್ಲಿದ್ದ.

"ಭಯ್ಯಾ, ಇತನಾ ಊಪರ್ ನಹೀಂ" ಎಂದು ಅತ್ತೆ ಗೋಡೆಗೆ ಒತ್ತಿ ನಿಂತು ಮೊಣಕೈ ಮಡಚಿದರು. "ಯಹಾಂ."

ಅವನು ನನ್ನ ಮುಖ ನೋಡಿದ. ಅವರು ಹೇಳಿದ ಹಾಗೆ ಮಾಡು ಎಂದೆ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಅವರ ಮೊಣಕೈಯ ನೇರಕ್ಕೆ ಗೆರೆ ಎಳೆದ.

ಹೊಸ ಜಾಗ ಕೈಗೆ ಹತ್ತಲು ಅವರಿಗೆ ಹದಿನೈದು ದಿನ ಹಿಡಿಯಿತು. ಒಮ್ಮೆ ಬೆರಳು ಸುಟ್ಟುಕೊಂಡರು, ಒಮ್ಮೆ ರವೆ ಚೆಲ್ಲಿದರು. ಈಗ ಬೆಳಗಿನ ಸಾರು, ಚಟ್ನಿ ಅವರದು, ಮಿಕ್ಕಿದ್ದು ನನ್ನದು. ನಾನು ಅವರಿಗಿಂತ ಎತ್ತರ. ಆ ಶೆಲ್ಫಿನಿಂದ ಏನಾದರೂ ತೆಗೆಯಬೇಕಾದರೆ ನಾನು ಸ್ವಲ್ಪ ಬಗ್ಗಬೇಕು.