ಮೂರು ಊರಿನ ಮಗ್ರಿಬ್

ನಾನು ಮುಂಗೋಪಿ. ಅದರಲ್ಲೂ ಕಂಪ್ಯೂಟರಿನ ಮುಂದೆ ಕೂತು ತಪ್ಪು ಎಲ್ಲಿದೆ ಅಂತ ಗೊತ್ತಾಗದಿದ್ದರೆ ಎದುರಿಗೆ ಸಿಕ್ಕಿದವರ ಕತೆ ಮುಗಿಯಿತು. ಆ ದಿನಗಳಲ್ಲಿ ಹೆಂಡತಿಯೂ ಒಂದನೇ ಕ್ಲಾಸಿನ ಮಗಳೂ ನನ್ನನ್ನು ಹೇಗೆ ಸಹಿಸಿಕೊಂಡರೋ ಅಲ್ಲಾಹನೇ ಬಲ್ಲ.

ರಿಯಾದಿನಲ್ಲಿ ನಾನು ನೋಡಿಕೊಳ್ಳುವುದು ಒಂದು ಕ್ಲಿನಿಕ್ ಕಂಪನಿಯ ವೆಬ್ ಆ್ಯಪ್. ಮೂಡಣ ತೀರದ ದಹ್ರಾನ್, ನಡುವಿನ ರಿಯಾದ್, ಪಡುವಣ ತೀರದ ಜಿಜಾನ್, ಮೂರೂ ಕಡೆ ರೋಗಿಯ ಹೆಸರು ಬರೆದು ಟೋಕನ್ ಕೊಡುವುದು ಅದರಲ್ಲೇ. ಅದಕ್ಕೆ ಅಡಿಪಾಯವಾಗಿದ್ದ ಫ್ರೇಮ್‌ವರ್ಕ್ ಹಳತಾಗಿತ್ತು. ಹೊಸ ಆವೃತ್ತಿಗೆ ಏರಿಸೋಣ ಎಂದು ಹಟ ಹಿಡಿದವ ನಾನೇ. ಏರಿಸಿದೆ. ಮರುದಿನದಿಂದಲೇ ದೂರು ಶುರು: ಸಂಜೆ ಹೊತ್ತು ಬಟನ್ ಒತ್ತಿದರೆ ಪರದೆಯ ಮೇಲೆ ಚಕ್ರ ತಿರುಗುತ್ತದೆ, ಟೋಕನ್ ಬರುವುದಿಲ್ಲ, ರೋಗಿಗಳು ಸಾಲಿನಲ್ಲಿ ನಿಂತು ಶಾಪ ಹಾಕುತ್ತಾರೆ.

ನಮ್ಮ ಮ್ಯಾನೇಜರು, ಇಲ್ಲಿಯವರು ಮುದೀರ್ ಎನ್ನುತ್ತಾರೆ, ಕೂಗಾಡುವ ಮನುಷ್ಯ ಅಲ್ಲ. ಅದೇ ಹೆದರಿಕೆ. "ಗುರುವಾರ ಸಂಜೆಯೊಳಗೆ ಸರಿಯಾಗದಿದ್ದರೆ ಹಳೆಯದನ್ನೇ ವಾಪಸ್ ಹಾಕು. ನಿನ್ನ ಇಕಾಮಾ ಮುಂದುವರಿಸಲಿಕ್ಕೆ ನನ್ನ ಒಪ್ಪಿಗೆ ಸಿಗುವುದಿಲ್ಲ" ಅಂದರು, ಮೆಲ್ಲಗೆ. ಇಕಾಮಾ ಇಲ್ಲದೆ ಈ ದೇಶದಲ್ಲಿ ಇರುವ ಹಾಗಿಲ್ಲ. ನನ್ನದು ಹೋದರೆ ಹೆಂಡತಿ, ಮಗಳದ್ದೂ ಹೋಯಿತು. ಇದೇ ಊರಿನ ಬತ್ಹಾ ಪೇಟೆಯ ಬ್ಯಾಚುಲರ್ ರೂಮಿನಲ್ಲಿ ವರ್ಷಗಟ್ಟಲೆ ಕೊಳೆತು, ಕಡೆಗೂ ಅವರಿಬ್ಬರನ್ನು ಕರೆಸಿಕೊಂಡಿದ್ದೆ. ಇನ್ನೂ ವರ್ಷ ತುಂಬಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದೆ. ಮರುದಿನ ನೋಡುತ್ತೇನೆ, ಕಪಾಟಿನ ಮೇಲಿದ್ದ ದೊಡ್ಡ ಸೂಟ್‌ಕೇಸ್ ಕೆಳಗೆ ಬಂದು ಮಂಚದ ಪಕ್ಕ ಕೂತಿದೆ.

ಏನೆಲ್ಲ ನೋಡಲಿಲ್ಲ ನಾನು! ಡೇಟಾಬೇಸ್ ಜಾಲಾಡಿದೆ, ಬದಲಾದ ಕೋಡನ್ನೆಲ್ಲ ಸಾಲು ಸಾಲಾಗಿ ಓದಿದೆ. ಪರೀಕ್ಷೆಗೆಂದು ಸಾವಿರಾರು ಸುಳ್ಳು ರೋಗಿಗಳನ್ನು ಆ್ಯಪ್ ಮೇಲೆ ಛೂ ಬಿಟ್ಟೆ, ಅದು ಕುದುರೆ ಹಾಗೆ ಓಡಿತು. ಮೂರೂ ಊರಿನ ಬಳಕೆಯನ್ನು ಕೂಡಿಸಿದ ಗ್ರಾಫೂ ಚಂದವೇ ಇತ್ತು. ನಾನು ಕಣ್ಣಿಟ್ಟು ಕೂತಾಗ ಸಾಧುವಿನ ಹಾಗೆ ಇರುತ್ತಿದ್ದ ಶನಿ, ನಾನು ಎದ್ದು ಹೋಗಿ ಬರುವಷ್ಟರಲ್ಲಿ ತನ್ನ ಬುದ್ಧಿ ತೋರಿಸಿ ಸುಮ್ಮನಾಗಿರುತ್ತಿತ್ತು. ಎಲ್ಲಿಗೆ ಎದ್ದು ಹೋಗುತ್ತಿದ್ದೆ ಎಂದು ಮಾತ್ರ ನಾನು ಯೋಚಿಸಲಿಲ್ಲ.

ದಹ್ರಾನಿನ ಕೌಂಟರಿನಲ್ಲಿ ಕೂರುವವ ಕುಂದಾಪುರದ ಕಡೆಯವ, ಬತ್ಹಾದಲ್ಲಿ ನನ್ನ ರೂಮಿನಲ್ಲೇ ಇದ್ದವ. ಉಳಿದವರು ನಮಾಜಿಗೆ ಹೋದಾಗ ಕೌಂಟರ್ ಕಾಯುವುದು ಅವನ ಪಾಲಿನ ಕೆಲಸ. ದಿನಾ ಸಂಜೆ ಫೋನು ಮಾಡಿ ಬೈಯದಿದ್ದರೆ ಅವನಿಗೆ ಉಂಡದ್ದು ಕರಗುವುದಿಲ್ಲ. ಬುಧವಾರ ಸ್ವಲ್ಪ ಮುಂಚೆಯೇ ಮಾಡಿದ. ಅವನ ಮಾತಿನ ಹಿಂದೆ ಬಾಂಗು ಕೇಳುತ್ತಿತ್ತು.

"ಕೇಳ್ತಾ ಉಂಟಾ? ಈಗ ಎಲ್ಲ ನಮಾಜಿಗೆ ಹೋಗ್ತಾರೆ. ವಾಪಸ್ ಬರ್ಲಿ, ಆಮೇಲೆ ನೋಡು ಮಾರಾಯಾ ನಿನ್ನ ಆ್ಯಪಿನ ಚಂದ!"

ನಾನು ಕಿಟಕಿಯಾಚೆ ನೋಡಿದೆ. ರಿಯಾದಿನಲ್ಲಿ ಎದುರು ಕಟ್ಟಡದ ತುದಿಗೆ ಇನ್ನೂ ಬಿಸಿಲಿತ್ತು. ಅಲ್ಲಿ ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಾಗಿದೆ, ಇಲ್ಲಿ ಇನ್ನೂ ಇಲ್ಲ! ಫೋನು ಇಟ್ಟು ಮೂರು ಊರಿನ ಗ್ರಾಫನ್ನೂ ಬೇರೆ ಬೇರೆ ಮಾಡಿ ಒಂದರ ಕೆಳಗೊಂದು ತೆರೆದೆ. ಆವತ್ತು ಎಲ್ಲರೊಟ್ಟಿಗಿನ ಜಮಾಅತಿಗೆ ಹೋಗದೆ ಅಲ್ಲೇ ಕೂತೆ, ನಮಾಜು ಆಮೇಲೆ ಒಬ್ಬನೇ ಮಾಡಿದೆ.

ದಹ್ರಾನಿನ ಗೆರೆ ಮೆಲ್ಲಗೆ ಇಳಿದು ನೆಲ ಹಿಡಿಯಿತು. ಕಾಲು ಗಂಟೆ ಕಳೆದಿರಬೇಕು, ನಮ್ಮ ಕಟ್ಟಡದ ಪಕ್ಕದಲ್ಲೇ ಬಾಂಗು ಎದ್ದಿತು, ರಿಯಾದಿನ ಗೆರೆ ಇಳಿಯಿತು. ಆಮೇಲೆ ದೂರದ ಜಿಜಾನಿನದ್ದು. ಸೂರ್ಯ ಮೂಡಣದಿಂದ ಪಡುವಣಕ್ಕೆ ಹೋಗುತ್ತಾನೆ ಎಂದು ಯಾರಿಗೆ ಗೊತ್ತಿಲ್ಲ? ಆದರೆ ಅವನು ಹೋದ ದಾರಿಯಲ್ಲಿ ಊರಿಗೆ ಊರೇ ಕೈಯ ಕೆಲಸ ಕೆಳಗಿಟ್ಟು ಎದ್ದು ನಿಲ್ಲುವುದನ್ನು ನಾನು ಪರದೆಯ ಮೇಲೆ ಕಂಡೆ. ಸುಬ್‌ಹಾನಲ್ಲಾಹ್! ಮೈಯೆಲ್ಲ ಜುಂ ಎಂದಿತು, ಕಣ್ಣು ತುಂಬಿತು. ಸಣ್ಣಂದಿನಿಂದ ಹೆಗಲಿಗೆ ಹೆಗಲು ತಾಗಿಸಿ ಸಾಲಿನಲ್ಲಿ ನಿಂತವ ನಾನು. ಆ ಸಾಲನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಇಷ್ಟು ದಿನ ರಿಯಾದಿನ ಆ ತಗ್ಗಿನೊಳಗೆ ನಾನೂ ಇದ್ದೆ.

ಮತ್ತೆ ತಪ್ಪು ಸಿಗಲು ಹೊತ್ತು ಹಿಡಿಯಲಿಲ್ಲ. ಆ್ಯಪ್‌ಗೂ ಡೇಟಾಬೇಸಿಗೂ ನಡುವೆ ಊರೊಂದಕ್ಕೆ ಒಂದಿಷ್ಟು ಕನೆಕ್ಷನ್‌ಗಳು ತೆರೆದಿರುತ್ತವೆ. ಹಳೆ ಆವೃತ್ತಿ ಅವನ್ನು ಕೆಲಸ ಇರಲಿ ಬಿಡಲಿ ತೆರೆದೇ ಇಡುತ್ತಿತ್ತು. ಹೊಸತು ನಾಲ್ಕು ನಿಮಿಷ ಯಾರೂ ಬಾರದಿದ್ದರೆ ನಮಾಜಿನ ಹೊತ್ತಿಗೆ ಬತ್ಹಾದ ಅಂಗಡಿಯವರು ಮಾಡುವ ಹಾಗೆ ಶಟರ್ ಎಳೆದುಬಿಡುತ್ತಿತ್ತು. ನಮಾಜು ಮುಗಿದು ಸಂಜೆಯ ಜನಜಂಗುಳಿ ಒಟ್ಟಿಗೆ ನುಗ್ಗಿದಾಗ ಎಲ್ಲವನ್ನೂ ಹೊಸದಾಗಿ ತೆರೆಯಬೇಕು, ಅಲ್ಲಿ ಸಿಕ್ಕಿಬೀಳುತ್ತಿತ್ತು. ನನ್ನ ಸುಳ್ಳು ರೋಗಿಗಳು ನಮಾಜಿಗೆ ಏಳುವವರಲ್ಲವಲ್ಲ! ಶಟರ್ ಎಳೆಯಬೇಡ ಎಂದು ಒಂದು ಸಾಲು ಬರೆದೆ, ಅಷ್ಟೇ.

ಗುರುವಾರ ಮಗ್ರಿಬಿಗೆ ನಾನು ಗ್ರಾಫ್ ನೋಡಲು ಕೂರಲಿಲ್ಲ. ಸಾಲಿನಲ್ಲಿ ಹೋಗಿ ನಿಂತೆ, ಮುದೀರರು ಮುಂದಿನ ಸಾಲಿನಲ್ಲಿದ್ದರು. ಸುಜೂದಿಗೆ ಹಣೆ ನೆಲಕ್ಕಿಟ್ಟಾಗ ಜೇಬಿನಲ್ಲಿ ಫೋನು ಗುಂಯ್ ಎಂದಿತು. ದಹ್ರಾನಿನಲ್ಲಿ ಜನ ವಾಪಸ್ ಬರುವ ಹೊತ್ತು ಅದು. ಮುಗಿಯಿತು ನನ್ನ ಕತೆ ಅಂದುಕೊಂಡೆ. ಹಣೆ ನೆಲದಿಂದ ಏಳಲು ಕೇಳಲಿಲ್ಲ. ಸಲಾಂ ಹೇಳಿ ನಮಾಜು ಮುಗಿಸಿ, ಕುಂದಾಪುರದವನ ವಾಯ್ಸ್ ಮೆಸೇಜ್ ಹಚ್ಚಿದೆ.

"ಎಂತ ಮಾಟ ಮಾಡಿದೆ ಮಾರಾಯಾ? ಬೈಲಿಕ್ಕೆ ಅಂತ ತಯಾರಾಗಿ ಕೂತಿದ್ದೆ. ಒತ್ತಿದ ಕೂಡ್ಲೆ ಟೋಕನ್ ಬಂತು! ನಾ ಈಗ ಯಾರಿಗೆ ಬೈಯುದು, ಹೇಳು?"

ಮುದೀರರನ್ನು ಕರೆದು ಮೂರು ಗೆರೆಗಳನ್ನೂ ತೋರಿಸಿದೆ. ಜಿಜಾನಿನದ್ದು ಆಗಷ್ಟೇ ಇಳಿಯುತ್ತಿತ್ತು. ಅದು ತಗ್ಗು ಹಿಡಿದು, ಮತ್ತೆ ಮೇಲೆದ್ದು, ಎಡವದೆ ಓಡುವ ತನಕ ಅವರು ನಿಂತೇ ಇದ್ದರು. "ಮೂವರ ಇಕಾಮಾವನ್ನೂ ಮುಂದುವರಿಸಲು ಹೇಳುತ್ತೇನೆ" ಎಂದಷ್ಟೇ ಅಂದು ಹೋದರು.

ಮನೆಗೆ ಬಂದವನೇ ಚಪ್ಪಲಿ ಕಳಚಿ, ಕಪಾಟಿನ ಮೇಲೆ ಏರಿಸಲು ಮಂಚದ ಪಕ್ಕದ ಸೂಟ್‌ಕೇಸನ್ನು ಎತ್ತಿದೆ. ಕೈಗೆ ಭಾರ ಹತ್ತಿತು. ಗೂಟದಲ್ಲಿ ಮಗಳ ಸ್ಕೂಲ್ ಯೂನಿಫಾರಂ ಒಂದೇ ತೂಗುತ್ತಿತ್ತು, ಅವಳ ಉಳಿದ ಬಟ್ಟೆಯೆಲ್ಲ ಆಗಲೇ ಒಳಗೆ ಹೋಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೆಳಗಿಡಿ. ಮೊದಲು ಮಗಳ ಬಟ್ಟೆ ಹೊರಗೆ ತೆಗೀಬೇಕು" ಅಂದಳು.