ಒಂದು ತಲೆಗೆ ಐವತ್ತು ಎಕರೆ

ಏವಿಸ್ ಡಂಕ್ಲಿಯನ್ನು ಜಗಳಗಂಟಿ ಎನ್ನುವವರು ನಮ್ಮ ತೊರೆಯ ಎರಡೂ ದಂಡೆಯಲ್ಲಿದ್ದಾರೆ. ಹೋದ ತಿಂಗಳು ಅವಳನ್ನು ಮಣ್ಣು ಮಾಡಿದ ಮೇಲಂತೂ ಒಬ್ಬೊಬ್ಬರ ನಾಲಿಗೆಯೂ ಮೊಳದುದ್ದ ಆಗಿದೆ. ಆಗಲಿ. ಮಾತಾಡಬೇಕಾದ ದಿನ ಅದೇ ನಾಲಿಗೆಗಳು ಅಂಗುಳಿಗೆ ಅಂಟಿಕೊಂಡು ಕೂತಿದ್ದವು. ನಾನು ಪೀಪಾಯಿ ಮಾಡುವ ಜೆಫ್ರಿ. ಏವಿಸ್ ವರ್ಜೀನಿಯಾಕ್ಕೆ ಬಂದ ಹಡಗಿನಲ್ಲೇ ಬಂದೆ, ಅವಳ ಪಕ್ಕದಲ್ಲೇ ವಾಂತಿ ಮಾಡಿಕೊಂಡೆ, ಅವಳು ದುಡಿದ ದಣಿಗೇ ದುಡಿದೆ. ಅವಳ ಕತೆ ಹೇಳಲು ಆ ಬಾಯಿಬಡುಕರಿಗಿಂತ ನನಗೆ ಹೆಚ್ಚು ಹಕ್ಕಿದೆ.

ದಣಿ ಎಂದರೆ ಮೇಜರ್ ಲಿಡ್‌ಫರ್ಡ್. ಇಲ್ಲಿಯ ಕಾನೂನು ಬಲು ಸರಳ. ಹಡಗಿನ ಖರ್ಚು ಕೊಟ್ಟು ಒಬ್ಬ ಮನುಷ್ಯನನ್ನು ಕಡಲು ದಾಟಿಸಿ ತಂದರೆ ಆ ತಲೆಯ ಲೆಕ್ಕದಲ್ಲಿ ಐವತ್ತು ಎಕರೆ ನೆಲ ಸಿಗುತ್ತದೆ. ತಂದವನಿಗೆ, ಬಂದವನಿಗಲ್ಲ! ಮೇಜರ್ ನಲವತ್ತು ತಲೆ ತಂದ, ಎರಡು ಸಾವಿರ ಎಕರೆ ಹೊಡೆದ. ಬಂದ ನಾವು ಆ ಖರ್ಚು ತೀರಿಸುವ ಕರಾರಿಗೆ ಬಿದ್ದು ವರ್ಷಗಟ್ಟಲೆ ಅವನ ಹೊಗೆಸೊಪ್ಪಿನ ಹುಳ ಹೆಕ್ಕಿ, ಕರಾರು ಮುಗಿದ ದಿನ ಒಂದು ಗುದ್ದಲಿ, ಒಂದು ಜೊತೆ ಬಟ್ಟೆ, ಒಂದಿಷ್ಟು ಮುಸುಕಿನ ಜೋಳ ಹಿಡಿದುಕೊಂಡು ಅವನ ಬೇಲಿಯ ಹೊರಗೆ ನಿಂತೆವು. ನೆಲವನ್ನು ರಾಜ ಕೊಟ್ಟನಂತೆ. ರಾಜನಿಗೆ ಯಾರು ಕೊಟ್ಟರು ಎಂಬುದನ್ನು ನಾವು ಹೊಳೆಯ ಮೇಲಕ್ಕೆ ಅಟ್ಟಿದ, ಈ ನೆಲದ ಮೂಲನಿವಾಸಿ ರಾಪಹಾನಕ್ ಜನರನ್ನು ಕೇಳಬೇಕು. ಅವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಕರಾರು ಮುಗಿದ ಮೇಲೆ ಏವಿಸ್ ನಮ್ಮ ಜೊತೆಗೇ ದುಡಿದಿದ್ದ ರೇಫ್ ಡಂಕ್ಲಿಯನ್ನು ಮದುವೆಯಾದಳು. ಒಳ್ಳೆಯವನು, ಬುದ್ಧಿ ಮಾತ್ರ ಅಷ್ಟಕ್ಕಷ್ಟೇ. ಗಂಡ ಹೆಂಡತಿ ಕಂಡವರ ಹೊಲದಲ್ಲಿ ದುಡಿದು, ಹೊಟ್ಟೆ ಬಟ್ಟೆ ಕಟ್ಟಿ, ಅವಳ ತಂಗಿ ಸಿಸಿಲಿಯನ್ನು ಬ್ರಿಸ್ಟಲ್‌ನಿಂದ ಕರೆಸಿಕೊಂಡರು. ಹಡಗಿನ ಖರ್ಚು ಏವಿಸ್ ಕೊಟ್ಟಿದ್ದರಿಂದ ಆ ತಲೆಯ ಐವತ್ತು ಎಕರೆಯೂ ಏವಿಸಳಿಗೇ ಬರಬೇಕು. ಆದರೆ ಅವಳು ಕರೆಸಿದ್ದು ಅದಕ್ಕಲ್ಲ. ತಂಗಿ ಬೇಕಿತ್ತು, ಅಷ್ಟೇ. ಸಿಸಿಲಿ ಹಾಡಿಕೊಂಡೇ ಹಡಗಿಳಿದಳು. ಹೊಸದಾಗಿ ಬಂದವರನ್ನು ಇಲ್ಲಿಯ ಮೊದಲ ಬೇಸಗೆ ಜರಡಿ ಹಿಡಿಯುತ್ತದೆ. ಆಗಸ್ಟಿನ ಜ್ವರದಲ್ಲಿ ಹುಡುಗಿ ಹೋಗಿಬಿಟ್ಟಳು.

ಮಣ್ಣು ಮಾಡಿದ ವಾರದಲ್ಲೇ ಮೇಜರ್ ಕುದುರೆ ಏರಿ ಬಂದ.

“ದುಃಖದ ವಿಷಯ ಕಣಮ್ಮ ಏವಿಸ್,” ಎಂದ, ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ. “ಆದ್ರೂ ತಲೆ ಹಕ್ಕು ಸಾಯಲ್ಲ ನೋಡು. ಅದನ್ನ ನನಗೆ ಬಿಟ್ಕೊಡು. ಒಂದು ಹಸು ಕೊಡ್ತೀನಿ, ಕರು ಸಮೇತ.”

“ನನ್ನ ತಲೆ ತಗೊಂಡ್ರಿ, ರೇಫ್ ತಲೆ ತಗೊಂಡ್ರಿ,” ಎಂದಳು ಏವಿಸ್. “ಸತ್ತವಳ ತಲೆನಾದ್ರೂ ಬಿಡಿ ದಣಿ.”

ಥೂ, ಹಸು ಕೊಡುತ್ತಾನಂತೆ! ನಾನಾಗಿದ್ದರೆ ಅವತ್ತೇ ಗುದ್ದಲಿ ಎತ್ತಿರುತ್ತಿದ್ದೆ. ಏವಿಸ್ ಬಾಗಿಲು ಹಾಕಿಕೊಂಡಳು.

ಆ ಐವತ್ತು ಎಕರೆಯನ್ನು ಅವಳು ತೊರೆಯ ಬದಿಯಲ್ಲೇ ಬರೆಸಿಕೊಂಡಳು. ಮೇಲ್ಗಡೆ ಒಣನೆಲ, ಒಳ್ಳೆಯ ನೀರಿನ ಒರತೆ. ಕೆಳಗಡೆ ಬರೀ ಜೌಗು. ಸುತ್ತಮುತ್ತ ಬಹುಪಾಲು ಮೇಜರನ ಜಮೀನು. ನಮ್ಮಲ್ಲಿ ಎಲ್ಲೆಗೆ ಕಲ್ಲು ನೆಡುವುದಿಲ್ಲ. ಮೋಜಣಿದಾರ ಬಂದು ಮೇಲಿನ ಮೂಲೆಯ ಬಿಳಿ ಓಕ್ ಮರಕ್ಕೆ ಕೊಡಲಿಯಿಂದ ಕಚ್ಚು ಹಾಕಿ ಹೋದ, ಆ ಮರವೇ ಎಲ್ಲೆ. ಇನ್ನೊಂದು ಷರತ್ತು. ಮೂರು ವರ್ಷದೊಳಗೆ ಆ ನೆಲದ ಮೇಲೆ ಮನೆ ಏಳಬೇಕು, ಬೆಳೆ ನಿಲ್ಲಬೇಕು. ಇಲ್ಲವಾದರೆ ಪಾಳು ಬಿತ್ತೆಂದು ಯಾರು ಬೇಕಾದರೂ ಗವರ್ನರನ ಬಳಿ ಹೋಗಿ ಬರೆಸಿಕೊಳ್ಳಬಹುದು. ಆ ‘ಯಾರು ಬೇಕಾದರೂ’ ಯಾರೆಂದು ನಮಗೆಲ್ಲ ಗೊತ್ತಿತ್ತು.

ಮನೆ ಬೇಗ ಎದ್ದಿತು. ಅಕ್ಕಪಕ್ಕದವರು ಬಂದು ತೊಲೆ ಎತ್ತಿ ಕೊಟ್ಟರು, ಸೇಬಿನ ಹೆಂಡ ಕುಡಿದು ಹೋದರು. ಇನ್ನು ಹೊಲ. ಇಲ್ಲಿ ಕಾಡು ಕಡಿಯುತ್ತಾ ಕೂರಲು ಯಾರಿಗೂ ಪುರಸೊತ್ತಿಲ್ಲ. ಮರದ ಬುಡದ ಸುತ್ತ ತೊಗಟೆ ಸುಲಿದುಬಿಟ್ಟರೆ ಅದು ನಿಂತಲ್ಲೇ ಒಣಗುತ್ತದೆ, ಎಲೆ ಉದುರಿ ಬಿಸಿಲು ಕೆಳಗಿಳಿಯುತ್ತದೆ, ಬೇರುಗಳ ನಡುವೆ ಮಣ್ಣು ಗುಡ್ಡೆ ಮಾಡಿ ಜೋಳ ಊರಿದರಾಯಿತು. ರೇಫ್ ಮೈಮೇಲೆ ಬಂದವನ ಹಾಗೆ ಸುಲಿಯುತ್ತಾ ಹೊರಟ. ಸುಲಿದ, ಸುಲಿದ, ಎಲ್ಲೆಯ ಓಕ್ ಮರವನ್ನೂ ಸುಲಿದುಬಿಟ್ಟ!

“ಲೇ ಪೆದ್ದೇ, ಕಚ್ಚು ಕಾಣ್ಲಿಲ್ವೇನೋ?” ಎಂದು ನಾನು ಕೂಗಾಡಿದೆ.

“ಕಾಣ್ತು ಕಣೋ ಜೆಫ್ರಿ. ಅದಕ್ಕೇ ಕಚ್ಚಿನ ಕೆಳಗೆ ಸುಲ್ದೆ. ನೋಡು, ಕಚ್ಚು ಹಂಗೇ ಐತೆ!”

ಕಚ್ಚು ಹಾಗೇ ಇತ್ತು, ನಿಜ. ಮರ ಸತ್ತಿತ್ತು. ಮರುವರ್ಷದ ಚಳಿಗಾಲದಲ್ಲಿ ಗಾಳಿ ಎದ್ದಾಗ ರೇಫ್ ಅದರ ಕೆಳಗೆ ಜೋಳದ ದಂಟು ಕೂಡಿಸುತ್ತಿದ್ದ. ಮರ ಅವನ ಮೇಲೇ ಬಿತ್ತು. ಗಂಡನನ್ನು ತಿಂದ ಮರ ಕಣ್ಣಿಗೆ ಕಾಣಬಾರದೆಂದು ಏವಿಸ್ ಅದರ ಸುತ್ತ ಸೌದೆ ಪೇರಿಸಿ, ಬುಡದ ಸಮೇತ ಸುಟ್ಟಳು. ಬೇಡ ಕಣೇ, ಬುಡವನ್ನಾದರೂ ಬಿಡು, ಅದೇ ನಿನ್ನ ಎಲ್ಲೆ ಎಂದು ಬೇಡಿಕೊಂಡೆ. ಆ ಹೊತ್ತಿನಲ್ಲಿ ಆ ಹೆಂಗಸಿಗೆ ಬುದ್ಧಿ ಹೇಳಲು ದೇವರಿಗೂ ಆಗುತ್ತಿರಲಿಲ್ಲ. ಬುಡವಿದ್ದ ಗುಂಡಿಗೆ ಮಣ್ಣು ತುಂಬಿ, ಮೇಲೆ ಜೋಳ ಊರಿದಳು.

ನಾಲ್ಕು ವರ್ಷಕ್ಕೊಮ್ಮೆ ಈಸ್ಟರ್ ಕಳೆದ ಮೇಲೆ ಎಲ್ಲೆ ಸುತ್ತುವುದು ನಮ್ಮ ಪದ್ಧತಿ. ಅಕ್ಕಪಕ್ಕದ ಜಮೀನಿನವರು ಕೊಡಲಿ ಹಿಡಿದು ಹೊರಡುತ್ತಾರೆ, ಪ್ರತಿಯೊಬ್ಬರ ಎಲ್ಲೆಯನ್ನೂ ನಡೆದು ನೋಡುತ್ತಾರೆ, ಮರದ ಹಳೆಯ ಕಚ್ಚನ್ನು ಹೊಸದು ಮಾಡುತ್ತಾರೆ. ಅವತ್ತು ಎಲ್ಲರೂ ಒಪ್ಪಿ ಕಚ್ಚು ಹಾಕಿದ್ದೇ ಎಲ್ಲೆ. ಆಮೇಲೆ ಎದೆ ಬಡಿದುಕೊಂಡರೂ ಅದು ಬದಲಾಗದು. ಏವಿಸಳ ಮೂರು ವರ್ಷ ಮುಗಿಯಲಿದ್ದ ಬೇಸಗೆಗೆ ಸ್ವಲ್ಪ ಮೊದಲೇ ಆ ಸುತ್ತು ಬಂತು.

ಮೇಜರ್ ಎಲ್ಲರಿಗಿಂತ ಮುಂದೆ ನಡೆದ. ಏವಿಸಳ ಜೋಳದ ಹೊಲ ದಾಟಿದ, ಮನೆ ದಾಟಿದ, ಒರತೆ ದಾಟಿದ. ಕೆಳಗೆ ಜೌಗಿನ ಅಂಚಿನಲ್ಲಿ ಇನ್ನೊಂದು ಬಿಳಿ ಓಕ್ ಮರವಿತ್ತು. ಅದರ ಮೇಲೆ ಕೈಯಿಟ್ಟು ನಿಂತ.

“ತೊರೆ ಬದಿಯ ಬಿಳಿ ಓಕ್ ಅಂತ ಪತ್ರದಲ್ಲಿದೆ. ಇಗೋ ಓಕು, ಅಗೋ ತೊರೆ. ಹಾಕ್ರಪ್ಪಾ ಕಚ್ಚು.”

ಏವಿಸ್ ಮರಕ್ಕೆ ಅಡ್ಡ ನಿಂತಳು. “ಹಳೇ ಕಚ್ಚು ತೋರ್ಸಿ.”

“ತೊಗಟೆ ಬೆಳೆದು ಮುಚ್ಕೊಂಡಿದೆ.”

“ಮೂರು ವರ್ಷ ತುಂಬೋದ್ರೊಳಗಾ? ಒಳ್ಳೇ ತೊಗಟೆ! ನಿಮ್ಮ ಮುಖದ ಚರ್ಮನೂ ಅದೇ ಇರ್ಬೇಕು ದಣಿ.” ಆಮೇಲೆ ಅವಳು ಪಕ್ಕದ ಜಮೀನಿನ ಆಂಬ್ರೋಸ್ ಟಿಲ್ನಿಯ ಕಡೆ ತಿರುಗಿದಳು. “ಆಂಬ್ರೋಸ್, ನನ್ನ ಮನೆ ಎಬ್ಬಿಸೋ ದಿನ ನೀನು ಬಂದು ತೊಲೆ ಎತ್ತಿದ್ಯಲ್ಲಪ್ಪ. ಕಚ್ಚಿನ ಮರದ ಕೆಳಗೇ ಕೂತು ಹೆಂಡ ಕುಡಿದ್ಯಲ್ಲ. ಆ ಮರ ಎಲ್ಲಿತ್ತು ಹೇಳು.”

ಆಂಬ್ರೋಸ್ ತನ್ನ ಬೂಟನ್ನು ನೋಡಿಕೊಂಡ. “ತೊಲೆ ಎತ್ತಿದ್ದೂ ನೆನಪಿಲ್ಲ ಏವಿಸಕ್ಕ. ಅವತ್ತು ಬಹಳ ಕುಡಿದ್ಬಿಟ್ಟಿದ್ದೆ.”

“ಸೆತ್, ನೀನು?”

ಇನ್ನೊಬ್ಬ ನೆರೆಯವನಾದ ಸೆತ್ ಕಾಬಲ್ ಆಕಾಶ ನೋಡಿದ. “ಮಳೆ ಬರೋ ಹಂಗಿದೆ. ಬೇಗ ಮುಗ್ಸಿ ಹೋಗೋಣ.”

ಹೇಡಿಗಳು! ಅವರ ಹೊಗೆಸೊಪ್ಪು ಮೇಜರನ ದೋಣಿಕಟ್ಟೆಯಿಂದಲೇ ಹಡಗು ಹತ್ತಬೇಕು, ಅವನು ಮುಖ ತಿರುಗಿಸಿದರೆ ವರ್ಷದ ಬೆಳೆ ಕೊಟ್ಟಿಗೆಯಲ್ಲೇ ಕೊಳೆಯುತ್ತದೆ. ಅದು ನನಗೂ ಗೊತ್ತು. ಗೊತ್ತಿದ್ದರೆ ಏನಾಯಿತು? ನಾನು ಸುಮ್ಮನಿರಲಿಲ್ಲ.

“ಮರ ಮೇಲಿತ್ತು! ಹೊಲದಿಂದಾಚೆ! ರೇಫ್ ಅದನ್ನ ಸುಲಿದಿದ್ದು ನಾನು ಕಣ್ಣಾರೆ ಕಂಡಿದ್ದೀನಿ, ಬಯ್ದಿದ್ದೀನಿ,” ಎಂದು ಕೂಗಿದೆ.

“ನಿನ್ನ ಜಮೀನು ಎಲ್ಲಿ ಬರುತ್ತೆ ಜೆಫ್ರಿ?” ಎಂದ ಮೇಜರ್, ಬಹಳ ನಯವಾಗಿ.

“ನನಗೆಲ್ಲಿಯ ಜಮೀನು?”

“ಮತ್ತೆ ಎಲ್ಲೆ ಮಾತಿನಲ್ಲಿ ನಿನ್ನ ಮೂಗು ಯಾಕೆ? ಹೋಗು, ಪೀಪಾಯಿ ಬಡಿ ಹೋಗು.”

ಎಲ್ಲರೂ ನಕ್ಕರು. ನಗುತ್ತಲೇ ಆಂಬ್ರೋಸ್ ಕೊಡಲಿ ಎತ್ತಿದ, ಕೆಳಗಿನ ಓಕ್ ಮರಕ್ಕೆ ಕಚ್ಚು ಬಿತ್ತು. ಹೊಲ, ಮನೆ, ಒರತೆ ಒಂದೇ ಏಟಿಗೆ ಮೇಜರನ ಪಾಲಾದವು. ಏವಿಸಳಿಗೆ ಉಳಿದದ್ದು ಜೌಗು. ಅಷ್ಟಕ್ಕೇ ಬಿಡುವ ಆಸಾಮಿಯಲ್ಲ ಅವನು.

“ಈಗ ನೋಡಮ್ಮ,” ಎಂದ. “ನಿನ್ನ ಎಲ್ಲೆಯೊಳಗೆ ಮನೆ ಇಲ್ಲ, ಬೆಳೆ ಇಲ್ಲ. ಬೇಸಗೆಗೆ ಮೂರು ವರ್ಷ ತುಂಬುತ್ತೆ, ಉಳಿದದ್ದೂ ಪಾಳು ಅಂತಾಗುತ್ತೆ. ನಾನೇನು ಕೆಟ್ಟವನಲ್ಲ. ಆ ಮನೆಯಲ್ಲೇ ಇರು, ನನ್ನ ಒಕ್ಕಲಾಗಿ.”

ಏವಿಸಳ ಇಡೀ ಐವತ್ತು ಎಕರೆಯೂ ಕೈತಪ್ಪುವುದರಲ್ಲಿತ್ತು, ತಂಗಿಯ ಪ್ರಾಣಕ್ಕೆ ಬದಲಾಗಿ ಈ ದೇಶ ಅವಳಿಗೆ ಕೊಟ್ಟದ್ದು ಅದೊಂದೇ. ಅವಳ ಮುಖ ನೋಡಲಾರದೆ ನಾನು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ತೊರೆಯ ಕಡೆ ಹೊಗೆ ಎದ್ದಿತು. ಓಡಿ ಹೋದರೆ ಏವಿಸ್ ಗಡಿಗೆ, ಹಾಸಿಗೆ, ಕೋಳಿ ಎಲ್ಲವನ್ನೂ ಹೊರಗಿಟ್ಟು ಮನೆಗೆ ಬೆಂಕಿ ಹಚ್ಚಿದ್ದಾಳೆ! ನನಗೆ ತಕ್ಷಣ ಅರ್ಥವಾಯಿತು. ಇಲ್ಲಿ ಮರಕ್ಕೆ ಬರವಿಲ್ಲ, ಮೊಳೆಗೆ ಬರ. ಪ್ರತಿಯೊಂದು ಮೊಳೆಯೂ ಕಡಲಾಚೆಯಿಂದ ಬರಬೇಕು. ಅದಕ್ಕೇ ಜಾಗ ಬಿಡುವವರು ಮನೆ ಸುಟ್ಟು, ಬೂದಿಯಿಂದ ಮೊಳೆ ಹೆಕ್ಕಿ, ಹೊಸ ಜಾಗಕ್ಕೆ ಒಯ್ಯುವುದುಂಟು.

ಮೇಜರ್ ಕುದುರೆ ಓಡಿಸಿಕೊಂಡು ಬಂದ. “ನನ್ನ ಮನೆ! ನನ್ನ ನೆಲದ ಮೇಲಿರೋ ಮನೆ ಸುಡ್ತಿದ್ದೀಯೇನೇ, ಹುಚ್ಚಿ?”

“ನೆಲ ನಿಮ್ದು ಅಂತ ನಿನ್ನೆ ಒಪ್ಪಿದ್ರು,” ಎಂದಳು ಏವಿಸ್, ಬೆಂಕಿಯಿಂದ ಕಣ್ಣು ಕೀಳದೆ. “ಮನೆ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ. ತೊಲೆ ಎತ್ತಿದ್ದೇ ಅವರಿಗೆ ನೆನಪಿಲ್ವಂತೆ. ಯಾರಿಗೂ ನೆನಪಿಲ್ಲದ ಮನೆ ಸುಟ್ರೆ ನಿಮಗೇನು ನಷ್ಟ?”

“ಕೋರ್ಟಿಗೆ ಎಳೀತೀನಿ ನಿನ್ನ!”

“ಎಳೀರಿ. ಅಲ್ಲಿ ಬೈಬಲ್ ಮುಟ್ಟಿ ಮಾತಾಡ್ಬೇಕು. ಓಕ್ ಮರ ಎಲ್ಲಿತ್ತು ಅಂತ ನಾನು ಒಬ್ಬೊಬ್ಬರನ್ನೇ ಕೇಳ್ತೀನಿ.”

ಮೇಜರ್ ಕುದುರೆ ತಿರುಗಿಸಿಕೊಂಡು ಹೋದ. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಆಂಬ್ರೋಸನ ಹೆಂಡತಿ ಡಾರ್ಕಸ್ ಹೆದರುತ್ತಾ ಬಂದಳು. “ಏವಿಸಕ್ಕ, ಬೂದಿ ಜಾಲಿಸೋಕೆ ಜರಡಿ ತಂದಿದ್ದೀನಿ.”

“ನಿನ್ನ ಗಂಡನ ನಾಲಿಗೆ ತಂದಿದ್ದೀಯಾ?”

ಡಾರ್ಕಸ್ ಅಳತೊಡಗಿದಳು.

“ಇಲ್ಲ ತಾನೇ? ಹಂಗಾದ್ರೆ ಜರಡಿನೂ ತಗೊಂಡು ಹೋಗು.”

ಏವಿಸ್ ಬರಿಗೈಯಲ್ಲೇ ಬೂದಿ ಕೆದಕಿದಳು, ಬೆರಳಲ್ಲಿ ಬೊಬ್ಬೆ ಎದ್ದವು. ಸೊಟ್ಟಗಾದ ಮೊಳೆಗಳನ್ನು ನಾನು ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡಿದೆ. ಹೊಸ ಎಲ್ಲೆಯ ಕೆಳಗೆ, ಜೌಗಿನ ನಡುವೆ ಒಂದಿಷ್ಟು ದಿಬ್ಬ ಹುಡುಕಿ ಕಂಬ ನೆಟ್ಟೆವು. ಅವಳಿಗೂ ನನಗೂ ದಿನಾ ಜಗಳ. ಕಂಬ ಓರೆ ಎನ್ನುವಳು, ನಿನ್ನ ಕಣ್ಣು ಓರೆ ಎನ್ನುವೆ. ಸೊಳ್ಳೆಗಳು ನಮ್ಮನ್ನು ಜೀವಂತ ತಿಂದವು. ಮೊದಲು ಊರಿದ ಜೋಳ ನೀರು ನಿಂತು ಕೊಳೆಯಿತು. ಅವಳು ಮಂಕರಿಯಲ್ಲಿ ಒಣಮಣ್ಣು ಹೊತ್ತು ತಂದು ಗುಡ್ಡೆ ಎತ್ತರಿಸಿ ಮತ್ತೆ ಊರಿದಳು. ಅದನ್ನು ಕಾಗೆಗಳು ತಿಂದವು. ಮೂರನೆಯ ಸಲ ಊರಿ, ಕೋಲು ಹಿಡಿದು ಹೊಲದಲ್ಲೇ ಕೂತಳು.

ಅವಧಿ ಮುಗಿಯುವ ದಿನ ಮೇಜರ್ ಬಂದ, ಪಾಳು ಬಿದ್ದದ್ದಕ್ಕೆ ಸಾಕ್ಷಿಯಾಗಲೆಂದು ಆಂಬ್ರೋಸ್ ಮತ್ತು ಸೆತ್‌ನನ್ನು ಕರೆದುಕೊಂಡು. ಅವರು ಕಂಡದ್ದು ಹೊಗೆ ಹಿಡಿದ ಮೊಳೆಗಳ ಒಂದು ಮನೆ, ಮೊಣಕಾಲೆತ್ತರದ ಹಳದಿ ಜೋಳ. ಬಡಕಲಾದರೂ ಬೆಳೆ ಬೆಳೆಯೇ. ಈ ಸಲ ನೆನಪಿಲ್ಲ ಎನ್ನಲು ಅವರಿಗೆ ದಾರಿಯಿರಲಿಲ್ಲ, ಎಲ್ಲ ಕಣ್ಣೆದುರಿಗೇ ನಿಂತಿತ್ತು.

ಮೇಜರ್ ಬೂಟಿಗೆ ಮೆತ್ತಿದ ಕೆಸರನ್ನು ನೋಡಿಕೊಂಡು ಹಲ್ಲು ಕಡಿದ. “ಇಷ್ಟು ಕೊಚ್ಚೆಗೆ ಇಷ್ಟೊಂದು ಹಠವೇನೇ? ಎರಡು ಸಾವಿರ ಎಕರೆ ಹಿಡಿಯೋಕೆ ನಾನು ಇಷ್ಟು ಒದ್ದಾಡ್ಲಿಲ್ಲ.”

ಏವಿಸ್ ಸೊಂಟ ನೆಟ್ಟಗೆ ಮಾಡಿ ನಿಂತಳು.

“ನಿಮಗೇನು ದಣಿ, ನಲವತ್ತು ತಲೆ ಕೊಟ್ಟು ತಗೊಂಡ್ರಿ. ಒಂದೂ ನಿಮ್ಮ ಮನೇದಲ್ಲ. ನಾನು ಕೊಟ್ಟಿದ್ದು ಒಂದೇ. ಅವಳು ನನ್ನ ತಂಗಿ.”

ಆಂಬ್ರೋಸ್ ಏನೋ ಹೇಳಲು ಬಾಯಿ ತೆರೆದ. ಏವಿಸ್ ಅವನ ಕಡೆ ನೋಡದೆ ಗುದ್ದಲಿ ಎತ್ತಿಕೊಂಡು ಜೋಳದ ಸಾಲಿಗೆ ಇಳಿದಳು.