ಸೀಟಿ ನಿಂತ ಮೇಲೆ

ಬೆಳಿಗ್ಗೆ ರಾಗಿ ಬೀಸಿಸಿದೆ, ಅವರೆಕಾಯಿ ಸುಲಿದೆ, ಇಸ್ತ್ರಿ ಬಟ್ಟೆ ತಂದೆ, ಮಧ್ಯಾಹ್ನ ಗುಬ್ಬಿಯ ನಮ್ಮ ಬೀದಿಯ ಮಿಲಿಟರಿ ರಂಗಣ್ಣನವರ ಹನ್ನೊಂದನೇ ದಿನದ ತಿಥಿಗೆ ಹೋದೆ. ಯುದ್ಧದಲ್ಲಿ ಗುಂಡು ತಗುಲಿ ಕುಂಟುತ್ತಾ ಊರಿಗೆ ಬಂದವರು, ಪೊಲೀಸ್, ಮಿಲಿಟರಿ ಸೇರಬೇಕೆನ್ನುವ ಮಕ್ಕಳಿಗೆ ಸಾಯುವವರೆಗೂ ಓಟ ಕಲಿಸಿದರು.

ಅವರ ಫೋಟೊಗೆ ಸೆಲ್ಯೂಟ್ ಹೊಡೆದ ಖಾಕಿ ತೊಟ್ಟ ಹುಡುಗಿಯೊಬ್ಬಳು ನನ್ನ ಪಕ್ಕ ಬಂದು ಕುಳಿತಳು.

"ಮೊದ್ಲು ಬೆಳಗಿನ ಜಾವ ಬೀದೀಲಿ ಸೀಟಿ ಊದಿ ಎಬ್ಬಿಸ್ತಿದ್ರು ಆಂಟಿ. ಯಾರೋ ನಿದ್ದೆ ಕೆಡುತ್ತೆ ಅಂತ ಬೈದ್ರಂತೆ. ಆಮೇಲೆ ಕುಂಟ್ಕೊಂಡೇ ನಮ್ಮೆಲ್ಲರ ಮನೆಗೂ ಬಂದು ಕಿಟಕಿ ತಟ್ಟೋರು."

"ಯಾರು ಬೈದಿದ್ದು ಅಂತ ಕೇಳ್ಲಿಲ್ವೇನಮ್ಮಾ?"

"ಕೇಳ್ದೆ. 'ಬುಡವ್ವ, ದಿನಾ ದುಡಿಯೋ ಹೆಣ್ಮಗಳು, ಮಲಿಕ್ಕೊಳ್ಲಿ' ಅಂದ್ರು."

ಬೈದವಳು ನಾನೇ. ಗೇಟಿನಲ್ಲಿ ನಿಂತು, "ಇದು ಊರು ಕಣ್ರೀ, ನಿಮ್ಮ ಬಾರ್ಡರಲ್ಲ" ಎಂದಿದ್ದೆ. ಅವರು ಸೀಟಿಯನ್ನು ಜೇಬಿಗಿಟ್ಟು, "ತಪ್ಪಾಯ್ತು ತಾಯಿ" ಎಂದಿದ್ದರು. ಮಾರನೇ ದಿನದಿಂದ ನಾನು ನೆಮ್ಮದಿಯಾಗಿ ಮಲಗಿದ್ದೆ.

ರಾತ್ರಿ ಮುದ್ದೆ, ಅವರೆಕಾಳು ಸಾರು ಉಂಡೆವು. ಯಜಮಾನರು ಮೊದಲು ಮಲಗಿದರು. ನಿದ್ದೆಗೋಸ್ಕರ ಜಗಳವಾಡಿದ್ದವಳು ನಾನು, ನನಗೇ ಅದು ಬರಲಿಲ್ಲ.